ದಂಡ, ಆಣೆ, ಠಾಣೆ: ಮಲೆನಾಡಿನ ಮೂರು ಊರುಗಳಲ್ಲಿ ನ್ಯಾಯದ ಮಾತು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ತಾಲ್ಲೂಕು ಕೇಂದ್ರಗಳು. ಯಾವ ಊರಿಗೆ ಹೋದರೂ ತಾಲ್ಲೂಕು ಕಚೇರಿಯ ಮುಖ್ಯ ಅಧಿಕಾರಿಯ ಪದನಾಮ ಒಂದೇ ಆಗಿರುತ್ತದೆ: ತಹಸೀಲ್ದಾರರು ಮತ್ತು ತಾಲ್ಲೂಕು ದಂಡಾಧಿಕಾರಿಗಳು. ಈ ಒಂದು ಸಾಲನ್ನು ಬಿಡಿಸಿ ನೋಡಿದರೆ ನಾಡಿನ ಆಡಳಿತದ ಚರಿತ್ರೆಯೇ ತೆರೆದುಕೊಳ್ಳುತ್ತದೆ. ‘ತಹಸೀಲು’ ಎಂದರೆ ವಸೂಲಿ, ಅದು ಅರಬ್ಬಿಯ ಮಾತು. ‘ದಾರ’ ಪಾರಸಿಯ ಪ್ರತ್ಯಯ. ‘ತಾಲ್ಲೂಕು’ ಮತ್ತೆ ಅರಬ್ಬಿ. ‘ದಂಡ’ ಮತ್ತು ‘ಅಧಿಕಾರಿ’ ಸಂಸ್ಕೃತ. ಆತ ಕುಳಿತುಕೊಳ್ಳುವ ‘ಕಚೇರಿ’ ಹಿಂದುಸ್ತಾನಿಯಿಂದ ಬಂದದ್ದು. ಕನ್ನಡದ ಪಾಲಿಗೆ ಉಳಿದಿರುವುದು ‘ಮತ್ತು’ ಎಂಬ ಜೋಡಣೆಯೂ ಬಹುವಚನದ ಪ್ರತ್ಯಯಗಳೂ ಮಾತ್ರ.

ಆದರೆ ಅದೇ ಕಚೇರಿಯ ಮೆಟ್ಟಿಲೇರಿ ಬರುವ ರೈತನ ಬಾಯಲ್ಲಿರುವುದು ಬೇರೆಯೇ ಮಾತು. ಅಡಕೆ ಕಳವಾಗಿದೆ, ಬೇಲಿ ಕಿತ್ತಿದ್ದಾರೆ, ಬೈದರು, ಹೊಡೆದರು, ತಪ್ಪು ಅವರದು, ಬೇಕಾದರೆ ಆಣೆ ಮಾಡುತ್ತೇನೆ ಎನ್ನುತ್ತಾನೆ. ಅಧಿಕಾರದ ಹೆಸರುಗಳು ರಾಜ್ಯ ಬದಲಾದಾಗಲೆಲ್ಲ ಬದಲಾಗಿವೆ. ತಪ್ಪಿನ ಹೆಸರುಗಳು ಬಹುಮಟ್ಟಿಗೆ ಹಾಗೆಯೇ ನಿಂತಿವೆ. ಈ ಎರಡು ಬಗೆಯ ಮಾತುಗಳ ನಡುವಿನ ಅಂತರವು ಶಬ್ದಕೋಶದ ಕುತೂಹಲ ಮಾತ್ರವಲ್ಲ. ಒಬ್ಬನನ್ನು ಹಿಡಿಯುವುದು, ಬಿಡುವುದು, ಆಸ್ತಿಯನ್ನು ಉಳಿಸುವುದು, ಕಳೆಯುವುದು ಎಲ್ಲವೂ ಈ ಅಂತರದಲ್ಲೇ ನಡೆಯುತ್ತವೆ.

ಜೈನ ಪರಂಪರೆಯಲ್ಲಿ ದಂಡನೀತಿಯ ಆರಂಭವೇ ಮಾತಿನಿಂದ ಆಗುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣದ ಪ್ರಕಾರ, ಭೋಗಭೂಮಿಯ ಕಾಲ ಮುಗಿಯುತ್ತ ಬಂದು ಕಲ್ಪವೃಕ್ಷಗಳು ಕ್ಷೀಣಿಸಿದಾಗ ಜನರು ಮರಗಳಿಗಾಗಿ ಜಗಳವಾಡತೊಡಗಿದರು. ಆಗ ಸೀಮಂಕರ, ಸೀಮಂಧರ ಎಂಬ ಕುಲಕರರು ಮರಗಳಿಗೆ ಎಲ್ಲೆಗಳನ್ನು ಗೊತ್ತುಮಾಡಿದರು. ಗಡಿಯ ವ್ಯಾಜ್ಯವೇ ಮೊದಲ ವ್ಯಾಜ್ಯವಾಯಿತೆಂಬುದು ಸೊಪ್ಪಿನಬೆಟ್ಟದ ಗಡಿಗಾಗಿ ತಲೆಮಾರುಗಟ್ಟಲೆ ಅಲೆದ ಮಲೆನಾಡಿನವರಿಗೆ ಆಶ್ಚರ್ಯದ ಸಂಗತಿಯೇನಲ್ಲ. ತಪ್ಪಿತಸ್ಥರಿಗೆ ಮೊದಲ ಐವರು ಕುಲಕರರು ವಿಧಿಸಿದ ದಂಡವೆಂದರೆ ‘ಹಾ’ ಎಂಬ ಒಂದು ಉದ್ಗಾರ, ಅಯ್ಯೋ ಹೀಗೆ ಮಾಡಿದೆಯಾ ಎಂದು. ಮುಂದಿನ ಐವರ ಕಾಲಕ್ಕೆ ಅದು ಸಾಲದೆ ‘ಹಾ, ಮಾ’ ಎಂದಾಯಿತು. ಇನ್ನು ಮಾಡಬೇಡ ಎಂಬ ನಿಷೇಧ ಸೇರಿತು. ಉಳಿದವರ ಕಾಲಕ್ಕೆ ‘ಧಿಕ್’ ಎಂಬ ಧಿಕ್ಕಾರವೂ ಬೇಕಾಯಿತು. ಸೆರೆ, ಹೊಡೆತಗಳಂತಹ ಶಾರೀರಿಕ ದಂಡನೆ ಬಂದದ್ದು ಭರತ ಚಕ್ರವರ್ತಿಯ ಕಾಲದಲ್ಲಿ. ಆದಿನಾಥನ ಚರಿತ್ರೆಯನ್ನು ಪಂಪನು 941ರಲ್ಲಿ ಕನ್ನಡಕ್ಕೆ ತಂದ ಮೇಲೆ ಈ ಪರಂಪರೆ ಕನ್ನಡಿಗರ ಮನೆಯದೂ ಆಯಿತು. ದಂಡನೆ ಕಠಿನವಾಗುತ್ತ ಹೋದದ್ದನ್ನು ಪುರಾಣಕಾರರು ರಾಜ್ಯದ ಏಳಿಗೆಯೆಂದು ಎಣಿಸಲಿಲ್ಲ, ಮನುಷ್ಯನ ನಾಚಿಕೆ ಕುಗ್ಗಿದ್ದರ ಲೆಕ್ಕವೆಂದು ಎಣಿಸಿದರು.

‘ದಂಡ’ ಶಬ್ದದ ಪಯಣವೂ ವಿಚಿತ್ರವಾದುದು. ಮೂಲದಲ್ಲಿ ಅದು ಕೋಲು. ಕೋಲು ಹಿಡಿದವನ ಅಧಿಕಾರವೂ ದಂಡ, ಅವನ ಸೈನ್ಯವೂ ದಂಡ. ಬೆಂಗಳೂರಿನ ‘ದಂಡು’ ಎಂಬ ಹೆಸರಿನಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಹೊಯ್ಸಳರ ದಂಡನಾಯಕರಲ್ಲಿ ಗಂಗರಾಜನಂತಹ ಜಿನಭಕ್ತರಿದ್ದರು. ಬಳಿಕ ದಂಡವೆಂದರೆ ಕಟ್ಟಬೇಕಾದ ಹಣವಾಯಿತು. ಕೊನೆಗೆ ಆಡುಮಾತಿನಲ್ಲಿ ‘ಎಲ್ಲ ದಂಡ’ ಎಂದರೆ ಎಲ್ಲವೂ ವ್ಯರ್ಥ ಎಂದಾಯಿತು. ಶ್ರಾವಕರ ವ್ರತಗಳಲ್ಲಿ ಇದೇ ಶಬ್ದ ಒಳಮುಖವಾಗಿ ತಿರುಗಿದೆ. ಮನೋದಂಡ, ವಚನದಂಡ, ಕಾಯದಂಡ ಎಂದರೆ ಮನುಷ್ಯ ತನ್ನ ಮನಸ್ಸು, ಮಾತು, ಮೈಗಳಿಂದ ಇತರರಿಗೆ ಕೊಡುವ ಪೆಟ್ಟು. ಪ್ರಯೋಜನವಿಲ್ಲದೆ ಕೊಡುವ ಪೆಟ್ಟಿನಿಂದ ದೂರವಿರುವುದೇ ಅನರ್ಥದಂಡವಿರತಿ. ರಾಜನ ಕೈಯಲ್ಲಿದ್ದ ಕೋಲನ್ನು ಶ್ರಾವಕನು ತನ್ನೊಳಗೇ ಕಂಡು ಕೆಳಗಿಡಬೇಕೆಂಬುದು ಈ ತಿರುವು. ಇನ್ನು ‘ಕಾನೂನು’ ಅರಬ್ಬಿಯ ಮೂಲಕ ಬಂದ ಗ್ರೀಕ್ ಶಬ್ದ. ಅಲ್ಲಿಯೂ ಅದರ ಮೊದಲ ಅರ್ಥ ಅಳೆಯುವ ನೇರ ಕೋಲು ಎಂಬುದೇ.

ಈ ಮೂರು ಊರುಗಳ ನೆಲದಲ್ಲಿ ಜೈನರ ನೆಲೆ ಹಳೆಯದು. ಶೃಂಗೇರಿ ಪಟ್ಟಣದ ನಡುವೆಯೇ ಇರುವ ಪಾರ್ಶ್ವನಾಥ ಬಸದಿ ಹನ್ನೆರಡನೆಯ ಶತಮಾನದ್ದು, ಮಾರಿಸೆಟ್ಟಿಯ ನೆನಪಿನೊಡನೆ ಸೇರಿದ್ದು. ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಸನ್ನಿಧಿಯೂ ಅಲ್ಲಿನ ಮಠವೂ ನಾಡಿನ ಶ್ರಾವಕರಿಗೆಲ್ಲ ಪರಿಚಿತ. ಎಡೆಹಳ್ಳಿಯೆಂಬ ಹೆಸರಿದ್ದ ಆ ಊರು 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆಯಿತು. ಕಳಸ, ಕಾರ್ಕಳಗಳ ಜೈನ ಅರಸರ ಸೀಮೆ ಇದಕ್ಕೆ ಹೊಂದಿಕೊಂಡೇ ಇತ್ತು. ಆ ಕಾಲದ ಅಧಿಕಾರಪದಗಳು ಇಂದು ಕಚೇರಿಗಳಲ್ಲಿಲ್ಲ, ಮನೆತನಗಳ ಹೆಸರುಗಳಲ್ಲಿವೆ. ಶಾಸನಗಳ ‘ಪೆರ್ಗಡೆ’ ಹೆಗ್ಗಡೆಯಾದ, ‘ಸೇನಬೋವ’ ಶಾನುಭೋಗನಾದ. ಊರು ಕಾಯುವ ‘ತಳಾರ’ನು ತಳವಾರನಾದ. ಠಾಣೆಯ ಪೇದೆ ಬರುವ ಮೊದಲು ರಾತ್ರಿ ಕಾವಲಿಗೆ ಕನ್ನಡದಲ್ಲಿದ್ದ ಹೆಸರು ಅದೇ.

ಜೈನರು ಕಕ್ಷಿಗಾರರಾಗಿ ರಾಜನ ಮುಂದೆ ನಿಂತ ಒಂದು ವ್ಯಾಜ್ಯದ ತೀರ್ಪು ಕಲ್ಲಿನಲ್ಲಿಯೇ ಉಳಿದಿದೆ. ವಿಜಯನಗರದ ಹರಿಹರನು ತಮ್ಮಂದಿರೊಡನೆ 1346ರಲ್ಲಿ ಶೃಂಗೇರಿಗೆ ಭೂದಾನ ಮಾಡಿದ. ಆ ತಮ್ಮಂದಿರಲ್ಲೊಬ್ಬನಾದ ಬುಕ್ಕರಾಯನು ಅರಸನಾದ ಮೇಲೆ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ನಡೆದ ವಿವಾದ ಅವನ ಮುಂದೆ ಬಂತು. ಶ್ರವಣಬೆಳಗೊಳದ ಶಾಸನ ಅದನ್ನು ದಾಖಲಿಸಿದೆ. ಜೈನರು ಮಾಡಿಕೊಂಡದ್ದು ‘ಬಿನ್ನಹ’, ವಿಜ್ಞಾಪನೆಯ ತದ್ಭವ. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಒಪ್ಪಿಸಿದ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕು ಜೈನರಿಗೆ ಉಳಿಯಿತು. ಬೆಳಗೊಳದ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು, ಅದಕ್ಕಾಗಿ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ವ್ಯವಸ್ಥೆಯಾಯಿತು. ಇದನ್ನು ಮೀರಿದವನಿಗೆ ಶಾಸನ ಕೊಡುವ ಹೆಸರು ರಾಜದ್ರೋಹಿ. ಅದರೊಡನೆಯೇ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಅಂದಿನ ‘ದ್ರೋಹ’ ಅರಸನೊಬ್ಬನಿಗೆ ಮಾತ್ರ ಸಲ್ಲುವ ಅಪರಾಧವಾಗಿರಲಿಲ್ಲ. ‘ಶಾಸನ’ವೂ ಆಗ ಕಲ್ಲಿನ ಮೇಲಿನ ಬರಹ ಮತ್ತು ಆಜ್ಞೆ ಎರಡೂ ಆಗಿತ್ತು. ಇಂದು ಶಾಸನಸಭೆಗೊಂದು ಅರ್ಥ, ಪುರಾತತ್ತ್ವ ಇಲಾಖೆಗೊಂದು ಅರ್ಥ.

ಕೆಳದಿಯ ಶಿವಪ್ಪನಾಯಕನ ಕಾಲದಲ್ಲಿ (1645–1660) ಭೂಕಂದಾಯದ ನಿಗದಿಗೆ ‘ಶಿಸ್ತು’ ಎಂಬ ಹೆಸರು ಮಲೆನಾಡಿನಲ್ಲಿ ನೆಲೆಗೊಂಡಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದ ಬಳಿಕ ಪಾರಸಿಯ ಪದನಾಮಗಳು ಘಟ್ಟದ ಮೇಲೆ ತುಂಬಿಕೊಂಡವು. ಶೃಂಗೇರಿಯ ಮಠಕ್ಕೆ ಟಿಪ್ಪು ಬರೆಸಿದ ಪತ್ರಗಳು ಇದಕ್ಕೆ ಒಳ್ಳೆಯ ಸಾಕ್ಷಿ. 1791ರಲ್ಲಿ ಮರಾಠರ ದಂಡಿನ ಪಿಂಡಾರಿಗಳು ಶೃಂಗೇರಿಯನ್ನು ಸುಲಿದ ಮೇಲೆ, ಮಠಕ್ಕೆ ಬೇಕಾದ ಹಣ ಮತ್ತು ಪದಾರ್ಥಗಳನ್ನು ಒದಗಿಸುವಂತೆ ಬಿದನೂರಿನ ‘ಅಸಫ’ನಿಗೆ ಆಜ್ಞೆಯಾಯಿತು. 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದ ಈ ಪತ್ರಗಳ ಭಾಷೆ ಕನ್ನಡ. ಅಧಿಕಾರಿಯ ಹೆಸರು ಪಾರಸಿ, ಆದರೆ ನಷ್ಟದ, ದುಃಖದ, ಪರಿಹಾರದ ಮಾತು ಕನ್ನಡ. ಬೋರ್ಡಿನ ಮೇಲಿನ ಇಂದಿನ ವಿಭಜನೆ ಆಗಲೇ ಸಿದ್ಧವಾಗಿತ್ತು.

1799ರ ಬಳಿಕ ಮೈಸೂರು ಸಂಸ್ಥಾನವು ಫೌಜುದಾರಿಗಳಾಗಿ ವಿಭಾಗವಾದಾಗ ಈ ಮಲೆನಾಡು ನಗರ ಫೌಜುದಾರಿಗೆ ಸೇರಿತು. ‘ಫೌಜು’ ಎಂದರೆ ಸೈನ್ಯ. ಕಾಲಕ್ರಮದಲ್ಲಿ ‘ಫೌಜುದಾರಿ’ ಎಂದರೆ ಕ್ರಿಮಿನಲ್ ಮೊಕದ್ದಮೆಯಾಯಿತು. ಸಂಸ್ಕೃತದ ‘ದಂಡ’ ಸೈನ್ಯದಿಂದ ಶಿಕ್ಷೆಗೆ ನಡೆದ ಹಾದಿಯಲ್ಲೇ ಪಾರಸಿಯ ಶಬ್ದವೂ ನಡೆಯಿತು. ಅಪರಾಧವಿಚಾರಣೆಯ ಹಿಂದೆ ಎಲ್ಲ ಭಾಷೆಗಳಲ್ಲೂ ಒಂದು ದಂಡು ನಿಂತಿರುತ್ತದೆ.

1830–31ರ ನಗರ ಬಂಡಾಯದ ನಂತರ ಬ್ರಿಟಿಷ್ ಕಮಿಷನರರ ಆಳ್ವಿಕೆ ಬಂತು. 1834ರಲ್ಲಿ ಮಾರ್ಕ್ ಕಬ್ಬನ್ನರ ‘ಹುಕುಂನಾಮೆ’ಯು ಅಮಲ್ದಾರ, ಸದರ ಮುನಸೀಫ, ಹುಜೂರ್ ಅದಾಲತ್ ಎಂಬ ನ್ಯಾಯದ ಮೆಟ್ಟಿಲುಗಳನ್ನು ಗೊತ್ತುಮಾಡಿತು. ಆಳುವವರು ಇಂಗ್ಲಿಷರು, ಅವರ ನ್ಯಾಯಾಲಯದ ಹೆಸರುಗಳೆಲ್ಲ ಮೊಗಲರವು. 1863ರಲ್ಲಿ ಕಡೂರು ಜಿಲ್ಲೆ ರೂಪುಗೊಂಡಿತು. 1947ರಲ್ಲಿ ಅದಕ್ಕೆ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರಾಯಿತು. 1884ರಲ್ಲಿ ಮೈಸೂರಿಗೆ ಚೀಫ್ ಕೋರ್ಟು ಬಂತು. ಸಮನ್ಸು, ವಾರೆಂಟು, ಅಪೀಲು ಎಂಬುವು ಹಿಂದಿನ ಮಾತುಗಳನ್ನು ಓಡಿಸದೆ ಅವುಗಳ ಪಕ್ಕದಲ್ಲಿ ಬಂದು ಕುಳಿತವು.

ಹೀಗೆ ಬಂದು ಕುಳಿತ ಮಾತುಗಳಲ್ಲಿ ಕೆಲವಕ್ಕೆ ಜನ ತಮ್ಮ ಅನುಭವವನ್ನೇ ಬೆರೆಸಿದರು. ‘ಜುರ್ಮಾನೆ’ ಕನ್ನಡದಲ್ಲಿ ‘ಜುಲ್ಮಾನೆ’ಯಾಗಿ, ಜುಲುಮೆಗೆ ಒಂದು ಹೆಜ್ಜೆ ಹತ್ತಿರವಾಯಿತು. ‘ಮುಚ್ಚಳಿಕೆ’ ತುರ್ಕಿ ಮೂಲದ್ದಾದರೂ ಕೇಳುವ ಕಿವಿಗೆ ಬಾಯಿ ಮುಚ್ಚಿಸುವ ಕಾಗದದಂತೆ ಕೇಳಿಸುತ್ತದೆ. ‘ಮಹಜರು’ ಎಂದರೆ ಮೂಲದಲ್ಲಿ ಹಾಜರಿ. ಸ್ಥಳದಲ್ಲಿ ಇದ್ದವರು ಕಂಡದ್ದಕ್ಕೆ ಬರಹ. ‘ಜಾಮೀನು’ ಎಂದರೆ ಹೊಣೆ ನಿಂತವನು. ‘ಫಿರ್ಯಾದು’ ಪಾರಸಿಯಲ್ಲಿ ನೊಂದವನ ಕೂಗು. ಹಳೆಯ ಕನ್ನಡದಲ್ಲಿಯೂ ‘ಹುಯ್ಯಲು’ ಎಂದರೆ ಕೂಗೇ. ಘಟ್ಟದ ಕೆಳಗೆ ಧರ್ಮಸ್ಥಳದ ಹೆಗ್ಗಡೆಯವರ ಮುಂದೆ ವ್ಯಾಜ್ಯ ಹೇಳಿಕೊಳ್ಳುವ ಪದ್ಧತಿಗೆ ‘ಹೊಯ್ಲು’ ಎಂಬ ಹೆಸರು ಉಳಿದಿದೆ. ‘ಠಾಣೆ’ಯಂತೂ ದೂರದ ಮಾತೇ ಅಲ್ಲ. ಸಂಸ್ಕೃತದ ‘ಸ್ಥಾನ’ ಪ್ರಾಕೃತದಲ್ಲಿ ‘ಠಾಣ’ವಾಗುತ್ತದೆ. ಜೀವವು ಮಿಥ್ಯಾತ್ವದಿಂದ ಮೇಲಕ್ಕೇರುವ ಹದಿನಾಲ್ಕು ಗುಣಸ್ಥಾನಗಳನ್ನು ಪ್ರಾಕೃತ ಗ್ರಂಥಗಳು ‘ಗುಣಠಾಣ’ ಎನ್ನುತ್ತವೆ. ಅದೇ ಠಾಣ ಉತ್ತರದ ಭಾಷೆಗಳಲ್ಲಿ ಸೈನ್ಯದ ನೆಲೆಯಾಗಿ, ಪೊಲೀಸರ ನೆಲೆಯಾಗಿ ಕೊಪ್ಪಕ್ಕೆ ಬಂತು.

‘ಆಣೆ’ಯ ಕಥೆಯೂ ಅಂಥದ್ದೇ. ಅದು ‘ಆಜ್ಞೆ’ಯ ತದ್ಭವ. ಅರಸನ ಅಪ್ಪಣೆ, ಜಿನನ ಅಪ್ಪಣೆ ಎರಡಕ್ಕೂ ಪ್ರಾಕೃತದಲ್ಲಿ ‘ಆಣಾ’ ಎಂದೇ ಹೆಸರು. ಕನ್ನಡದಲ್ಲಿ ಅದು ಮೇಲಿನಿಂದ ಇಳಿಯುವ ಆಜ್ಞೆಯ ಅರ್ಥವನ್ನು ಬಹುಮಟ್ಟಿಗೆ ಬಿಟ್ಟು, ಮನುಷ್ಯ ತನಗೆ ತಾನೇ ಹಾಕಿಕೊಳ್ಳುವ ಕಟ್ಟಾಯಿತು. ಕೊಲೆ, ಕಳವು, ಸುಲಿಗೆ, ದೂರು, ಹೊಣೆ, ಸೆರೆ, ತೀರ್ಪು ಎಂಬ ಅಚ್ಚಗನ್ನಡ ಮಾತುಗಳು ಯಾವ ಹುಕುಂನಾಮೆಗೂ ಜಗ್ಗದೆ ಉಳಿದವು. ‘ನ್ಯಾಯ’ ಮಾತ್ರ ಪೆಟ್ಟು ತಿಂದಿತು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ‘ಅವರಿಬ್ಬರಿಗೂ ನ್ಯಾಯವಾಯಿತು’ ಎಂದರೆ ಜಗಳವಾಯಿತು ಎಂದರ್ಥ. ನ್ಯಾಯ ಕೇಳಹೋಗಿ ಜಗಳವನ್ನೇ ತಂದುಕೊಂಡವರು ಈ ಅರ್ಥವನ್ನು ಕೊಟ್ಟಿರಬೇಕು.

ಸ್ವಾತಂತ್ರ್ಯಾನಂತರ ಬದಲಾವಣೆಗಳು ಬೇಗಬೇಗನೆ ಬಂದವು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯು 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲ, ಶಾನುಭೋಗ, ತಳವಾರ, ತೋಟಿಗಳ ಹುದ್ದೆಗಳನ್ನು ಕೊನೆಗೊಳಿಸಿತು. ಅನ್ಯಾಯಗಳೂ ಆ ಚಾವಡಿಗಳಲ್ಲೇ ನಡೆದಿದ್ದವಾದ್ದರಿಂದ ಅದಕ್ಕಾಗಿ ಮರುಗಬೇಕಾದುದಿಲ್ಲ. ಆದರೆ ಆ ಮೇಲೆ ಹಳ್ಳಿಗನಿಗೆ ದೊರೆತ ಕಾನೂನಿನ ಮಾತು ಅವನದಾಗಲಿಲ್ಲ. ಕಾಡಂಚಿನ ತುಂಡು ಭೂಮಿಯನ್ನು ತಲೆಮಾರುಗಳಿಂದ ಉಳುತ್ತಿರುವವನು ಇಂದಿಗೂ ‘ಬಗರ್ ಹುಕುಂ’ ಸಾಗುವಳಿದಾರ. ಹುಕುಂ ಇಲ್ಲದೆ ಉಳುವವನು ಎಂದು ಅದರ ಅರ್ಥ. ಐವತ್ತು, ಐವತ್ತಮೂರು, ಐವತ್ತೇಳನೆಯ ನಮೂನೆಗಳಲ್ಲಿ ಅವನು ಹಾಕುವ ಅರ್ಜಿಯಲ್ಲಿ ಅವನ ಬೆವರಿಗೆ ಶಬ್ದವಿಲ್ಲ. ಅವನಲ್ಲಿ ಇಲ್ಲದಿರುವ ಕಾಗದದ ಹೆಸರೇ ಅವನ ಹೆಸರಾಗಿದೆ. ಅಡಕೆಗೆ ಹಳದಿ ಎಲೆ ರೋಗ ಬಿದ್ದಾಗ ಅವನು ಕೇಳುವುದು ‘ಪರಿಹಾರ’. ಶಾಸನಗಳಲ್ಲಿ ಅದು ತೆರಿಗೆಯ ವಿನಾಯಿತಿ. ಮುನಿಗಳ ಪ್ರಾಯಶ್ಚಿತ್ತದಲ್ಲಿ ಅದು ತಪ್ಪಿತಸ್ಥನನ್ನು ಕೆಲಕಾಲ ಸಂಘದಿಂದ ದೂರವಿಡುವುದು.

ಕಠೋರವಾದ ಕೆಲಸವೊಂದನ್ನು ಪರಭಾಷೆಯ ಶಬ್ದ ಹೇಗೆ ಹೊದಿಸುತ್ತದೆಂಬುದನ್ನು ಈ ಪ್ರದೇಶ ಹತ್ತಿರದಿಂದ ಕಂಡಿದೆ. 2005ರ ಫೆಬ್ರುವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದ ಬಳಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದ. ಕರ್ನಾಟಕದ ಚರಿತ್ರೆಯನ್ನು ಕುರಿತು ಗ್ರಂಥ ಬರೆದಿದ್ದವನು ಆತ. ‘ಎನ್‌ಕೌಂಟರ್’ ಎಂಬ ಶಬ್ದ ಆ ದಿನಗಳಲ್ಲಿ ಮಲೆನಾಡಿನ ಮನೆಮಾತಾಯಿತು. ಇಂಗ್ಲಿಷಿನಲ್ಲಿ ಅದರ ಅರ್ಥ ಎದುರಾಗುವುದು; ಕನ್ನಡಕ್ಕೆ ಅದು ಬಂದದ್ದು ಗುಂಡಿನಿಂದಾದ ಸಾವೆಂಬ ಅರ್ಥದಲ್ಲಿ. ಕೋವಿ ಹಿಡಿದವರ ಕಡೆಯವರೂ ತಾವು ಕೊಂದವರನ್ನು ಕುರಿತು ಇಂಥದೇ ಹೊದಿಕೆಯ ಮಾತನ್ನಾಡಿದ್ದಾರೆ. 2025ರ ಜನವರಿಯಲ್ಲಿ ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಬಂದಾಗ ಕೇಳಿಬಂದ ಶಬ್ದಗಳು ‘ಶರಣಾಗತಿ’, ‘ಮುಖ್ಯವಾಹಿನಿ’. ಅರಿಹಂತರಿಗೆ, ಸಿದ್ಧರಿಗೆ, ಸಾಧುಗಳಿಗೆ, ಧರ್ಮಕ್ಕೆ ಶರಣೆನ್ನುವ ಬಾಯಿಗೆ ‘ಶರಣು’ ಪರಿಚಿತವಾದುದರಿಂದಲೇ, ಕಡತದಲ್ಲಿ ಅದನ್ನು ಓದುವಾಗ ಒಂದು ಕ್ಷಣ ನಿಲ್ಲುವಂತಾಗುತ್ತದೆ.

2024ರ ಜುಲೈ 1ರಿಂದ 1860ರ ಭಾರತ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಎರಡರ ಹೆಸರಿನಿಂದಲೂ ‘ದಂಡ’ ಹೋಯಿತು. ವಂಚಕನನ್ನು ನಾನೂರಿಪ್ಪತ್ತು ಎಂದು ಕರೆಯುತ್ತಿದ್ದವರಿಗೆ ಈಗ ಮುನ್ನೂರ ಹದಿನೆಂಟು ಎಂಬ ಹೊಸ ಅಂಕಿ ಬಂದಿದೆ. ಬೈಗುಳವಾಗಿ ಅದು ಊರಲು ಕಾಲ ಬೇಕು. ಹೆಸರು ಬದಲಾದರೂ ಒಳಗಿನ ಶಿಕ್ಷೆಗಳಲ್ಲಿ ಮರಣದಂಡನೆಯೂ ಸೆರೆವಾಸವೂ ಇದ್ದೇ ಇವೆ. ಆದರೂ ಸಣ್ಣ ಅಪರಾಧಗಳಿಗೆ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆ ಸೇರಿದೆ. ಇದಕ್ಕೂ ಹಿಂದೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಮೂರನೆಯ ಪ್ರಕರಣವು ಮೊದಲ ಬಾರಿಗೆ ಸಣ್ಣ ತಪ್ಪು ಮಾಡಿದವನನ್ನು ಬುದ್ಧಿ ಹೇಳಿ ಬಿಟ್ಟುಬಿಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿದೆ. ಸಣ್ಣ ಕಳವುಗಳಿಗೂ ಅದು ಅನ್ವಯಿಸುತ್ತದೆ. ಕುಲಕರರ ‘ಹಾ, ಮಾ, ಧಿಕ್’ ಆಧುನಿಕ ಕಾನೂನಿನ ಒಂದು ಮೂಲೆಯಲ್ಲಿ ಹೀಗೆ 1958ರಿಂದ ಕುಳಿತಿದೆ. ಪತ್ರಿಕೆಗಳು ಬಳಸುವ ‘ಛೀಮಾರಿ’ಯಲ್ಲಿರುವ ‘ಛೀ’ಯೂ ಆ ಧಿಕ್ಕಾರದ ನೆಂಟನೇ.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ಶಬ್ದವಿಚಾರ ಬರಿಯ ಚರಿತ್ರೆಯಲ್ಲ. ‘ಮುಜರಾಯಿ’ಯ ಮೂಲವಾದ ‘ಮುಜರಾ’ ಎಂದರೆ ಲೆಕ್ಕದಲ್ಲಿ ಕಳೆದುಕೊಡುವುದು. ‘ತಸ್ತೀಕು’ ಎಂದರೆ ದೃಢೀಕರಣ. ದೃಢೀಕರಿಸಿದ ಮೊತ್ತವೆಂದು ಅದರ ಅರ್ಥ ಮುಂದುವರಿಯಿತು. 1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ನಿಹಿತವಾದಾಗ ದೇವಸ್ಥಾನ, ಬಸದಿಗಳ ಅನೇಕ ಉಂಬಳಿಗಳು ಏಳನೆಯ ನಮೂನೆಯ ಅರ್ಜಿ ಹಾಕಿದ ಗೇಣಿದಾರರ ಪಾಲಾದವು. ಉಳುವವನಿಗೆ ಭೂಮಿ ಎಂಬ ಆ ನ್ಯಾಯ ದೊಡ್ಡದು. ಆದರೆ ಭೂಮಿಗೆ ಬದಲಾಗಿ ಸಿಗಬೇಕಾದ ವರ್ಷಾಶನವನ್ನೂ, ಕಾಗದಗಳನ್ನು ಓದಲಾರದೆ ಬಿಟ್ಟುಕೊಟ್ಟ ಆಡಳಿತದವರಿಗೆ ಆದ ನಷ್ಟಕ್ಕೆ ಕಾನೂನನ್ನು ದೂರುವಂತಿಲ್ಲ.

ಇಂದಿನ ಕನ್ನಡದಲ್ಲಿ ಟ್ರಸ್ಟಿಗೆ ‘ನ್ಯಾಸ’ ಎನ್ನುವುದುಂಟು. ನಂಬಿ ಇಟ್ಟದ್ದು ಎಂಬುದು ಅದರ ಅರ್ಥ. ನ್ಯಾಯ ಸಂಹಿತೆಯ 316ನೆಯ ಪ್ರಕರಣದ ನಂಬಿಕೆದ್ರೋಹವು ಆಸ್ತಿಗೆ ಸಂಬಂಧಿಸಿದ ಅಪರಾಧಗಳ ಸಾಲಿನಲ್ಲಿದೆ. ಶ್ರಾವಕಾಚಾರದಲ್ಲಿ ‘ನ್ಯಾಸಾಪಹಾರ’ ಇರುವುದು ಅಲ್ಲಲ್ಲ. ಕದ್ದ ಮಾಲನ್ನು ಕೊಳ್ಳುವ ‘ತದಾಹೃತಾದಾನ’ವೂ ರಾಜ್ಯದ ಕಟ್ಟಳೆಯನ್ನು ಮೀರುವ ‘ವಿರುದ್ಧರಾಜ್ಯಾತಿಕ್ರಮ’ವೂ ಅಚೌರ್ಯವ್ರತದ ಅತಿಚಾರಗಳು. ಸುಳ್ಳು ಪತ್ರ ಸೃಷ್ಟಿಸುವ ‘ಕೂಟಲೇಖಕ್ರಿಯೆ’ಯೊಡನೆ ನ್ಯಾಸಾಪಹಾರವನ್ನು ಮಾತ್ರ ಆಚಾರ್ಯರು ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿದರು. ವ್ಯಾಖ್ಯಾನಕಾರರು ಅದಕ್ಕೆ ಕೊಡುವ ಉದಾಹರಣೆ ಹೀಗಿದೆ. ಒಬ್ಬನು ಇನ್ನೊಬ್ಬನಲ್ಲಿ ಹೊನ್ನನ್ನು ಇಟ್ಟು ಹೋಗುತ್ತಾನೆ. ಬಹುಕಾಲದ ಮೇಲೆ ಬಂದವನು ಎಷ್ಟು ಇಟ್ಟಿದ್ದೆನೆಂಬುದನ್ನು ಮರೆತು ಕಡಮೆ ಸಂಖ್ಯೆಯನ್ನು ಹೇಳಿ ಕೇಳುತ್ತಾನೆ. ಇಟ್ಟುಕೊಂಡವನು ಬೇರೆ ಏನನ್ನೂ ಹೇಳುವುದಿಲ್ಲ. ‘ಹೌದು, ಅಷ್ಟೇ’ ಎಂದು ಕೇಳಿದಷ್ಟನ್ನು ಎಣಿಸಿ ಕೈಗಿಡುತ್ತಾನೆ.